ಬ್ಯಾಡಗಿಯ ಬಿಸಿಲು ತಾಳದ ಔಷಧ

ಫಿನ್ಲೆಂಡಿಗೆ ಬಂದ ಮರುದಿನ ತಲೆಗೆ ಹಚ್ಚಿಕೊಳ್ಳಲು ಹೋದರೆ ಬ್ಯಾಡಗಿಯಿಂದ ತಂದ ಕೊಬ್ಬರಿ ಎಣ್ಣೆ ಕಲ್ಲಾಗಿತ್ತು. ಬಾಟಲಿಯನ್ನು ಬಗಲಲ್ಲಿ ಅವುಚಿಕೊಂಡು ಅತ್ತುಬಿಟ್ಟೆ. ಸೊನ್ನೆಗಿಂತ ಕೆಳಗಿನ ಚಳಿಗೆ ಇಲ್ಲಿನವರು 'ಪಕ್ಕನೆನ್' ಎಂದು ಬೇರೆಯೇ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಬಿಸಿಲಿಗೆ ಝಳ, ಧಗೆ, ಕಾವು ಎಂದಿಲ್ಲವೇ, ಹಾಗೆ.

ನಾನಿಲ್ಲಿ ಪ್ರಯೋಗಾಲಯದಲ್ಲಿ ಮಾಡುವ ಔಷಧ ಆ ಎಣ್ಣೆಗೆ ತೀರ ಉಲ್ಟಾ. ತಣ್ಣಗಿದ್ದಾಗ ನೀರು, ಮೈಬಿಸಿ ತಾಗಿದರೆ ಗಟ್ಟಿ ಮುದ್ದೆ. ಕ್ಯಾನ್ಸರ್ ಗಡ್ಡೆಯ ಪಕ್ಕದಲ್ಲಿ ಚುಚ್ಚಿದರೆ ಅಲ್ಲೇ ಹೆಪ್ಪುಗಟ್ಟಿ, ಒಳಗಿನ ಮದ್ದನ್ನು ವಾರಗಟ್ಟಲೆ ಹನಿಹನಿಯಾಗಿ ಬಿಡಬೇಕು. ಲೋಕಕಲ್ಯಾಣಕ್ಕೆ ಮಾಡುತ್ತಿದ್ದೆ ಎಂದರೆ ಸುಳ್ಳಾದೀತು. ಮಾಡುತ್ತಿದ್ದುದು ನನ್ನ ಅಕ್ಕನಿಗಾಗಿ. ಅವಳಿಗೆ ಎದೆಯ ಕ್ಯಾನ್ಸರ್. ಹುಬ್ಬಳ್ಳಿಗೆ ಹೋಗಿ ಕೀಮೋ ಹಾಕಿಸಿಕೊಂಡು ಬಂದರೆ ವಾರಗಟ್ಟಲೆ ಏಳುತ್ತಿರಲಿಲ್ಲ.

ಸೀಸೆಯಲ್ಲಿ ಮೊದಲ ಸಲ ಮುದ್ದೆ ಕಟ್ಟಿದ ದಿನ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಕ್ಕ ಅಂಗಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದಳು.

"ಎಷ್ಟು ಬಿಸಿಗೆ ಗಟ್ಟಿ ಆಗತೈತಿ ಅದು?"

"ಮೂವತ್ತೆರಡು ಡಿಗ್ರಿಗೆ, ಅಕ್ಕಾ."

ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ನಕ್ಕಳು. "ಹುಚ್ಚಿ, ಇಲ್ಲಿ ನೆಳ್ಳಾಗನ ಮೂವತ್ತೊಂಬತ್ತು ಐತಿ. ಕರೆಂಟ್ ಬ್ಯಾರೆ ಇಲ್ಲ. ಸೂಜ್ಯಾಗ ಗಟ್ಟಿ ಆಗಿ ಕುಂದರತೈತಿ ನಿನ್ನ ಔಷಧ!"

"ಫ್ರಿಜ್ಜಿನ್ಯಾಗ ಇಟ್ಟು..."

"ಹಂಗಾರ ನನ್ನೂ ಕೋಲ್ಡ್ ಸ್ಟೋರೇಜಿನ್ಯಾಗ ಮೆಣಸಿನಕಾಯಿ ಚೀಲದ ಬಾಜೂಕ ಕುಂದರ್ಸು. ಅಲ್ಲೇ ಚುಚ್ಚಿಬಿಡು."

ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಆ ಊರಲ್ಲೇ ಹುಟ್ಟಿ ಬೆಳೆದವಳು, ಎರಡೇ ಚಳಿಗಾಲಕ್ಕೆ ಅದರ ಬಿಸಿಲನ್ನು ಮರೆತಿದ್ದೆ. ಇಪ್ಪತ್ತೊಂದು ಡಿಗ್ರಿಯ ಕೋಣೆಯಲ್ಲಿ ಕುಳಿತು, ಜಗತ್ತೆಲ್ಲ ಇಷ್ಟೇ ತಣ್ಣಗಿದೆ ಅಂದುಕೊಂಡಿದ್ದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಗಟ್ಟಿಯಾಗುವ ಬಿಸಿಯನ್ನು ಏರಿಸಿದರೆ ಮುದ್ದೆ ಅಂಬಲಿಯಂತಾಗಿ, ಮದ್ದನ್ನೆಲ್ಲ ಒಂದೇ ದಿನಕ್ಕೆ ಸುರಿದುಬಿಡುತ್ತಿತ್ತು. ಎಷ್ಟು ಏರಿಸಿದರೇನು, ನಮ್ಮ ಬೇಸಿಗೆ ಮೈಬಿಸಿಯನ್ನೇ ಮೀರುತ್ತದೆ. ಇನ್ನು ಮನುಷ್ಯರಿಗೆ ಕೊಡುವ ಮಾತು ವರ್ಷಗಳಷ್ಟು ದೂರ. ಅದು ನನಗೆ ಮೊದಲೇ ಗೊತ್ತಿತ್ತು. ಅಕ್ಕನಿಗೆ ಹೇಳಿರಲಿಲ್ಲ.

ಮರುವರ್ಷ ಚೈತ್ರದಲ್ಲಿ, ಅಕ್ಕ ಹೋದಳು ಎಂದು ಫೋನ್ ಬಂತು. ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದರೆ ಝಳಕ್ಕೆ ತಲೆ ತಿರುಗಿತು. ಹುಟ್ಟಿನಿಂದ ಉಸಿರಾಡಿದ ಮೆಣಸಿನಕಾಯಿ ಘಾಟಿಗೆ ಪರದೇಶದವಳಂತೆ ಕೆಮ್ಮಿದೆ. ಪಕ್ಕನೆನ್ನಿಗೂ ಒಗ್ಗದ ಮೈ ಈಗ ಇದಕ್ಕೂ ಒಗ್ಗದು.

ಮನೆಯ ಪಡಸಾಲೆಯಲ್ಲಿ ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಅಕ್ಕನ ಗಂಡ, ನಮ್ಮ ಮಾಮಾ, ಬೆವರು ಒರೆಸಿಕೊಳ್ಳುತ್ತ ಎದ್ದು ಬಂದರು. "ನೀ ಬರೋತನಕ ಅಂತ ಇಟ್ಟೇವಿ ನೋಡವಾ," ಎಂದು ಮುಚ್ಚಳ ಸರಿಸಿದರು.

ಅಕ್ಕನ ತಣ್ಣಗಿನ ಕೈ ಹಿಡಿದೆ. ಆ ಇಡೀ ಮನೆಯಲ್ಲಿ ನನ್ನ ಔಷಧ ನೀರಾಗಿಯೇ ಉಳಿಯಬಹುದಾದ ಜಾಗ ಅದೊಂದೇ ಇತ್ತು.