ತಿದ್ದಬಹುದು, ಹೆಸರು ತೆಗೆಯುವಂತಿಲ್ಲ

ನಮ್ಮ ಯಜಮಾನರು ಏನು ಮಾಡುತ್ತಾರೆಂದು ಯಾರಾದರೂ ಕೇಳಿದರೆ, "ರಿಟೈರಾಗಿದ್ದಾರೆ, ಕಂಪ್ಯೂಟರ್ ಮುಂದೆ ಕೂತು ಏನೋ ಬರೀತಾರೆ" ಎನ್ನುತ್ತಿದ್ದೆ. ಆ 'ಏನೋ' ಏನೆಂದು ತಿಳಿದದ್ದು ಅವರು ತೀರಿಕೊಂಡ ಮೇಲೆ. ಕಾಗದಪತ್ರ ಬರೆಯಲು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಒಂದು ತಂತ್ರಾಂಶವಂತೆ. ಅದನ್ನು ಬಳಸುವುದು ಹೇಗೆಂದು ಕನ್ನಡದಲ್ಲಿ ವಿವರಿಸುವ ಪುಟಗಳನ್ನು ಇವರು ಸಂಬಳವಿಲ್ಲದೆ ಬರೆಯುತ್ತಿದ್ದರು. ಗೀಸರ್ ಹಾಕುವುದು ಹೇಗೆಂದು ಕೇಳಿದರೆ "ಅಷ್ಟೂ ಗೊತ್ತಾಗಲ್ವೇನೇ" ಎನ್ನುತ್ತಿದ್ದ ಮನುಷ್ಯ, ಕಾಣದ ಜನಕ್ಕೆ "ಗಾಬರಿ ಬೇಡ, ಮೊದಲು ಹೀಗೆ ಮಾಡಿ" ಎಂದು ಬರೆದಿದ್ದರು. ಓದಿದಾಗ ನನಗೆ ದುಃಖಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು.

ಅವರ ಜೊತೆ ಆ ಪುಟಗಳನ್ನು ಬರೆಯುತ್ತಿದ್ದ ಬಳಗದ ಶ್ರುತಿ ಯಾದವಗಿರಿಯಿಂದ ಸ್ಕೂಟರಿನಲ್ಲಿ ಬಂದಳು. ಪುಟಗಳ ಪರವಾನಗಿ ಬದಲಾಗುತ್ತಿದೆ, ಇನ್ನು ಯಾರು ಬೇಕಾದರೂ ಅವನ್ನು ನಕಲು ಮಾಡಬಹುದು, ತಿದ್ದಬಹುದು ಎಂದಳು. ಅದಕ್ಕೆ ಬರೆದವರೆಲ್ಲ ಒಪ್ಪಬೇಕು. ಅವರಿಲ್ಲದ ಕಾರಣ ನಾನು ಒಪ್ಪಬೇಕು.

"ಒಪ್ಪದಿದ್ರೆ?" ಎಂದೆ.

"ಅಂಕಲ್ ಬರೆದಿದ್ದನ್ನೆಲ್ಲ ತೆಗೆದು ಬೇರೆ ಬರೀಬೇಕಾಗತ್ತೆ ಆಂಟಿ."

"ಒಪ್ಪಿದ್ರೆ ಕಂಡಕಂಡೋರೆಲ್ಲ ತಿದ್ತಾರೆ."

"ತಿದ್ಲಿ ಬುಡಿ. ಹೆಸರು ಮಾತ್ರ ತೆಗೆಯೋ ಹಂಗಿಲ್ಲ, ಅದೇ ಷರತ್ತು."

ಯೋಚಿಸಿ ಹೇಳುತ್ತೇನೆಂದೆ. ಒಪ್ಪದಿದ್ದರೆ ಅವರ ಮಾತು ಒಟ್ಟಿಗೇ ಹೋಗುತ್ತದೆ, ಒಪ್ಪಿದರೆ ಒಂದೊಂದಾಗಿ ಹೋಗುತ್ತದೆ.

ಹೆಸರಿನ ವಿಷಯದಲ್ಲಿ ನಾನೇನೂ ಸನ್ಯಾಸಿನಿಯಲ್ಲ. ನನ್ನ ಸಾರಿನ ಪುಡಿ ಮಾಡುವ ವಿಧಾನ ಕುವೆಂಪುನಗರದ ನಮ್ಮ ರಸ್ತೆಯನ್ನೆಲ್ಲ ಸುತ್ತಿದೆ. ಒಬ್ಬರು ಮೆಂತ್ಯ ಹೆಚ್ಚಿಸಿದರು, ಇನ್ನೊಬ್ಬರು ಇಂಗು ಬಿಟ್ಟರು. ಅದಕ್ಕೆ ಬೇಜಾರಿಲ್ಲ. ಎದುರುಮನೆಯಾಕೆ ಅದೇ ಸಾರನ್ನು ನನಗೇ ಬಡಿಸಿ, "ನಮ್ಮತ್ತೆ ಕಾಲದ್ದು ಕಣ್ರೀ" ಎಂದಳಲ್ಲ, ಅದಕ್ಕೆ ಇವತ್ತಿಗೂ ಬೆಳಿಗ್ಗೆ ಹೂವು ಕೀಳುವಾಗ ಅವಳ ಗೇಟಿನ ಕಡೆ ಬೆನ್ನು ಹಾಕಿಕೊಂಡೇ ಕೀಳುತ್ತೇನೆ. ಆದರೆ ಆ ವಿಧಾನವನ್ನು ಬಚ್ಚಿಟ್ಟಿದ್ದರೆ ಈಗ ಆ ಸಾರು ಉಣ್ಣುವವಳು ನಾನೊಬ್ಬಳೇ ಆಗಿರುತ್ತಿದ್ದೆ.

ಮಾರನೆಯ ದಿನ ಒಪ್ಪಿಗೆ ಕೊಟ್ಟೆ.

ಕೊಟ್ಟ ಮೇಲೆ ಅವರ ಪುಟವೊಂದನ್ನು ತೆರೆದಿಟ್ಟು, ಅದರಲ್ಲಿ ಹೇಳಿದಂತೆ ಒಂದು ಕಾಗದ ಬರೆಯಲು ಕೂತೆ. ಎಡಮೂಲೆಯ ಗುಂಡಿ ಒತ್ತಿ ಎಂದಿತ್ತು. ಎಡಮೂಲೆಯಲ್ಲಿ ಗುಂಡಿಯೇ ಇಲ್ಲ. ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಅದು ಬಲಕ್ಕೆ ಹೋಗಿ ಕೂತಿತ್ತು. ಶ್ರುತಿಗೆ ಫೋನ್ ಮಾಡಿ ದೂರಿದರೆ, "ನೀವೇ ತಿದ್ಬುಡಿ ಆಂಟಿ" ಎಂದು ದಾರಿ ಹೇಳಿಕೊಟ್ಟಳು. 'ಎಡ' ಅಳಿಸಿ 'ಬಲ' ಎಂದು ಬರೆದೆ. ಪುಟದ ಕೊನೆಯಲ್ಲಿ ಅವರ ಹೆಸರಿನ ಕೆಳಗೆ ನನ್ನದೂ ಬಂತು.

ಮದುವೆಯಾದಾಗಿನಿಂದ ಅವರ ಮಾತನ್ನು ತಿದ್ದಿ ನಾನು ಗೆದ್ದದ್ದು ಇದೇ ಮೊದಲು. ಎದುರುತ್ತರ ಬರಲಿಲ್ಲ. ಗೆಲುವು ಇಷ್ಟು ನಿಶ್ಶಬ್ದವೆಂದು ಗೊತ್ತಿದ್ದರೆ, ಅಷ್ಟು ವರ್ಷ ಸೋತದ್ದಕ್ಕೆ ನಾನು ಕೊರಗುತ್ತಲೇ ಇರಲಿಲ್ಲ.