ಹೊಸ್ತಿಲಾಚೆ ಕಲಿತ ಗೋಡೆ

ಎಂಬತ್ತರ ದಶಕದ ಆರಂಭದಲ್ಲಿ, ನನ್ನ ಮದುವೆಯಾದ ವರ್ಷ, ತುಮಕೂರಿನ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದು ಅಡುಗೆಮನೆ, ಒಂದು ಹಾಲ್ ಮತ್ತು ನಮ್ಮಜ್ಜಿ. ಅಪ್ಪ ಅಮ್ಮನೂ ಇದ್ದರು, ಆದರೆ ಅವರು ಮಲಗಿದರೆ ಮುಗಿಯಿತು. ಅಜ್ಜಿ ಹಾಗಲ್ಲ. ನಾನು ಮಗ್ಗುಲು ಬದಲಿಸಿದರೆ ಸಾಕು, ಮಂಚದಿಂದ "ಯಾಕ್ಲಾ, ನಿದ್ದೆ ಬರ್ಲಿಲ್ವಾ?" ಎಂದು ವಿಚಾರಣೆ. ಹೆಂಡತಿ ಕೆಮ್ಮಿದರೆ "ಶುಂಠಿ ಕಷಾಯ ಮಾಡ್ಕೊಡ್ಲೇನವ್ವ?" ಹೊಸ ಗಂಡ ಹೆಂಡತಿ ಏನಾದರೂ ಪಿಸುಗುಟ್ಟಿದರೆ ಅದಕ್ಕೆ ಉತ್ತರ ಕೊಡುತ್ತಿದ್ದವರು ಅಜ್ಜಿ.

ಆಷಾಢ ಬಂತು. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಮನೆಯಲ್ಲಿರಬಾರದು ಎಂದು ಅವಳನ್ನು ಕುಣಿಗಲ್ಲಿನ ತವರಿಗೆ ಕಳಿಸುವುದೆಂದಾಯಿತು. ಬಸ್ ಸ್ಟ್ಯಾಂಡಿನಲ್ಲಿ ಟ್ರಂಕ್ ಹತ್ತಿಸಿಕೊಟ್ಟಾಗ ಅವಳು ಕಿಟಕಿಯಿಂದ ಬಗ್ಗಿ ಹೇಳಿದಳು, "ರೀ, ಹಾಲ್‌ಗೆ ಅಡ್ಡ ಒಂದ್ ಗೋಡೆ ಎಬ್ಬಿಸಿ. ಗೋಡೆ ಎದ್ರೆ ಬರ್ತೀನಿ. ಇಲ್ದಿದ್ರೆ ನಿಮ್ಮಜ್ಜಿ ಜೊತೆ ನೀವೇ ಸಂಸಾರ ಮಾಡ್ಕೊಳ್ಳಿ." ನಗುತ್ತಲೇ ಹೇಳಿದಳು. ಬಸ್ ಹೊರಟ ಮೇಲೆ ನನಗೆ ಮಾತ್ರ ನಗು ಬರಲಿಲ್ಲ. ಹೇಳಿದ್ದನ್ನು ಮಾಡುವ ಹೆಂಗಸು ಅವಳು.

ಇಟ್ಟಿಗೆ ಗೋಡೆಗೆ ಮನೆ ಓನರ್ ಒಪ್ಪಲಿಲ್ಲ. ಉಳಿದದ್ದು ಮರದ ಚೌಕಟ್ಟು ಕಟ್ಟಿ ಹಾರ್ಡ್‌ಬೋರ್ಡ್ ಹೊಡೆಯುವ ಪಾರ್ಟಿಷನ್ನು, ಆಗ ಅಂಗಡಿಗಳಲ್ಲಿ, ಡಾಕ್ಟರ ಕ್ಲಿನಿಕ್ಕುಗಳಲ್ಲಿ ಹಾಕಿಸುತ್ತಿದ್ದರಲ್ಲ, ಅದು. ನಾನು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಕಬ್ಬಿಣ ಬಗ್ಗಿಸುವವನಿಗೆ ಮರ ಯಾವ ಲೆಕ್ಕ ಎಂಬ ಸೊಕ್ಕು ಮೈತುಂಬ ಇತ್ತು. ಆದರೂ ಯಾರಾದರೂ ತೋರಿಸಿಕೊಡಬೇಕಲ್ಲ. ಗುಬ್ಬಿ, ಕುಣಿಗಲ್ ಕಡೆ ಅಂಗಡಿಗಳಿಗೆ ಅಂಥ ಗೋಡೆ ಕಟ್ಟುವುದರಲ್ಲಿ ಹೆಸರಾದವರು ಸಾಕ್ಷಾತ್ ನನ್ನ ಮಾವ.

ಗೋಡೆ ಯಾಕೆ ಎಂದು ಮಾವ ಕೇಳಿದರೆ ಏನು ಹೇಳುವುದು? ಬಸ್ಸಿನುದ್ದಕ್ಕೂ ಯೋಚಿಸಿ, ಅಜ್ಜಿಗೆ ಥಂಡಿ ಗಾಳಿ ಹೊಡೆಯುತ್ತದೆ ಎಂದು ಒಂದು ಸುಳ್ಳು ಹೊಂದಿಸಿಕೊಂಡೆ. ಮಾವ ಕೇಳಲೇ ಇಲ್ಲ. ಮೀಸೆಯಲ್ಲೇ ನಕ್ಕು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡರು.

ತೊಂದರೆ ಬಂದದ್ದು ಅತ್ತೆಯಿಂದ. ಆಷಾಢದಲ್ಲಿ ಹೊಸ ಅಳಿಯ ಅತ್ತೆಮನೆ ಹೊಸ್ತಿಲು ತುಳಿಯುವ ಹಾಗಿಲ್ಲ. ಮಾವನ ಕೆಲಸದ ಕೊಟ್ಟಿಗೆ ಇದ್ದದ್ದು ಹಿತ್ತಿಲಲ್ಲಿ, ಅಲ್ಲಿಗೆ ಹೋಗಲು ಮನೆಯೊಳಗೇ ಹಾಯಬೇಕು. "ತಪ್ಪು ತಿಳ್ಕೋಬೇಡಿ ಅಳಿಯಂದ್ರೆ, ಅಲ್ಲೇ ಜಗಲಿ ಮೇಲೆ ಕೂತ್ಕಳಿ" ಎಂದು ಅತ್ತೆ ಬಾಗಿಲಲ್ಲೇ ನಿಂತರು. ಕಾಫಿ ಲೋಟ ಹೊಸ್ತಿಲಿನ ಆ ಕಡೆಯಿಂದ ಈ ಕಡೆಗೆ ಬಂತು. ಜಡಿಮಳೆ ಶುರುವಾದಾಗ ಕೊಡೆಯೂ ಹಾಗೇ ಬಂತು. ಹೆಂಡತಿ ಮಾತ್ರ ಬರಲಿಲ್ಲ. ಕಿಟಕಿಯಲ್ಲಿ ಅವಳ ಬಳೆ ಸದ್ದು, ಕಿಸಕಿಸ ನಗು, ಅಷ್ಟೇ ನನಗೆ ದಕ್ಕಿದ್ದು.

ಹೀಗಾಗಿ ಪಾಠ ನಡೆದದ್ದು ಬೀದಿಯಲ್ಲಿ. ಭಾನುವಾರ ಬಂದರೆ ನಾನು ಕುಣಿಗಲ್ ಬಸ್ಸು ಹತ್ತುತ್ತಿದ್ದೆ. ಮಾವ ನೆಲದ ಮೇಲೆ ಕೆಳಪಟ್ಟಿ, ಮೇಲ್ಪಟ್ಟಿ ಎರಡನ್ನೂ ಮಲಗಿಸಿ, ನಡುವೆ ಸಮ ಅಂತರಕ್ಕೆ ಮರದ ತೆಳು ಪಟ್ಟಿಗಳನ್ನು, ಅಂದರೆ ರೀಪರ್‌ಗಳನ್ನು, ಜೋಡಿಸಿ ಮೊಳೆ ಹೊಡೆಸುತ್ತಿದ್ದರು. ಮೂಲೆಯಿಂದ ಮೂಲೆಗೆ ದಾರ ಹಿಡಿದು, ಎರಡೂ ಕಡೆ ಒಂದೇ ಅಳತೆ ಬಂದರೆ ಚೌಕ ಸರಿ. ಆಮೇಲೆ ಇಬ್ಬರೂ ಎತ್ತಿ ನಿಲ್ಲಿಸಿ, ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೆಟ್ಟಗಿದೆಯೇ ನೋಡುವುದು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಇಳಿದು, "ಏನ್ ಸಾಮಿ, ರೋಡಿಗೇ ಗೋಡೆ ಹಾಕ್ತಿದೀರಾ?" ಎಂದ. ಒಂದು ಎಮ್ಮೆ ಚೌಕಟ್ಟಿನಲ್ಲಿ ಬಾಗಿಲಿಗೆಂದು ಬಿಟ್ಟ ಜಾಗದಲ್ಲಿ ತೂರಿ ಗಂಭೀರವಾಗಿ ಆಚೆ ಹೋಯಿತು. ಕಿಟಕಿಯ ನಗು ಜೋರಾಯಿತು.

ಕೊನೆಯ ಭಾನುವಾರ ನಾನೊಬ್ಬನೇ ಕಟ್ಟಿದ ಚೌಕಟ್ಟು ಗುಂಡಿನ ದಾರಕ್ಕೆ ಕೂದಲೆಳೆ ವ್ಯತ್ಯಾಸವಿಲ್ಲದೆ ನಿಂತಿತು. ಮಾವ ತಲೆದೂಗಿದರು. "ಇದು ಬಯಲಿನ ಪಾಠ ಆಯ್ತು. ಸೂರಿನ ಕೆಳ್ಗೆ ನಿಲ್ಸೋದ್ರಲ್ಲಿ ಒಂದ್ ಮರ್ಮ ಐತೆ. ಶ್ರಾವಣದಲ್ಲಿ ಒಳಕ್ ಬನ್ನಿ, ತೋರಿಸ್ತೀನಿ."

ಗೋಡೆ ಬೇಕಾಗಿದ್ದದ್ದೇ ಶ್ರಾವಣದ ಹೊತ್ತಿಗೆ. ಬೀದಿಯಲ್ಲಿ ನಿಂತದ್ದು ಮನೆಯಲ್ಲಿ ನಿಲ್ಲದೆ ಏನು ಮಾಡೀತು ಎಂದುಕೊಂಡೆ.

ಮನೆಯಲ್ಲಿ ನೆಲದಿಂದ ತೊಲೆಯವರೆಗೆ ಅಳೆದೆ. ಬಿಗಿಯಾಗಿ ಕೂರಲಿ ಎಂದು, ಯಾರೂ ಹೇಳದಿದ್ದರೂ, ಒಂದು ಬೆರಳು ಹೆಚ್ಚೇ ಇಟ್ಟೆ. ಹಾಲ್ ನೆಲದ ಮೇಲೆ ಚೌಕಟ್ಟು ಮಲಗಿಸಿ ಕಟ್ಟಿ, ದಾರ ಹಿಡಿದು, ಅಪ್ಪನನ್ನು ಕರೆದು "ಎತ್ತಿ" ಎಂದೆ. ಎತ್ತಿದೆವು. ಮುಕ್ಕಾಲು ಭಾಗ ಎದ್ದು, ಮೇಲ್ಪಟ್ಟಿ ತೊಲೆಗೆ ಕಚ್ಚಿಕೊಂಡು ನಿಂತುಬಿಟ್ಟಿತು. ದೊಡ್ಡ ಸುತ್ತಿಗೆ ತಂದು ಬಾರಿಸಿದೆ. ಸೂರಿನ ಗಾರೆ ಉದುರಿ ಅಪ್ಪನ ಕಾಫಿಗೆ ಬಿತ್ತು. ಗೋಡೆ ಇನ್ನಷ್ಟು ಬಿಗಿಯಾಯಿತು, ಈಗ ಮೇಲೂ ಹೋಗದು, ಕೆಳಗೂ ಬಾರದು. ಅದು ವಾಲಿದ್ದದ್ದು ಅಜ್ಜಿಯ ಮಂಚದ ಮೇಲಕ್ಕೆ. ಅಜ್ಜಿ ಮಲಗಿದಲ್ಲಿಂದಲೇ ಅದನ್ನು ನೋಡಿ, "ಇದು ಗೋಡೆನೇನ್ಲಾ, ಇಲ್ಲಾ ಸೂರಾ?" ಎಂದರು.

ಮರುದಿನವೇ ಶ್ರಾವಣ. ನಾನಿನ್ನೂ ಸುತ್ತಿಗೆ ಬಡಿಯುತ್ತಿರುವಾಗಲೇ ಮಾವ ಮಗಳನ್ನು ಕರೆದುಕೊಂಡು ಬಂದರು. ಬಾಗಿಲಲ್ಲಿ ನಿಂತು ತಲೆಯನ್ನು ಗೋಡೆ ವಾಲಿದಷ್ಟೇ ವಾಲಿಸಿ ನೋಡಿದರು. "ಅಳಿಯಂದ್ರೆ, ಒಳಗಡೆ ಆದ್ರೆ ಎರಡ್ ಬೆರಳು ಕಮ್ಮಿ ಕಟ್ಟಬೇಕು. ಎತ್ತಿ ನಿಲ್ಸಿ, ಆಮೇಲೆ ಬುಡಕ್ಕೆ ಬೆಣೆ ಹೊಡೆದು ಬಿಗಿ ಮಾಡೋದು. ಬೀದೀಲಿ ಮೇಲೆ ಆಕಾಶ ಇತ್ತು, ಅದು ಎಲ್ಲಿಗ್ ತಾಗುತ್ತೆ?" ನನ್ನ ಗರಗಸ ಎತ್ತಿಕೊಂಡು ಹಲ್ಲು ಸವರಿ ನೋಡಿದರು. "ಇದ್ರಲ್ಲಿ ಬೆಣ್ಣೆನೂ ಕುಯ್ಯಕ್ಕಾಗಲ್ಲ. ಭಾನುವಾರ ನನ್ ಸಾಮಾನು ತರ್ತೀನಿ. ಅಲ್ಲೀಗಂಟ ಮಗಳು ನಮ್ಮನೇಲೇ ಇರ್ಲಿ ಬುಡಿ."

ಇಡೀ ಆಷಾಢ ಬೀದಿಯಲ್ಲಿ ಕಳೆದವನಿಗೆ ಆ ಮಾತು ಕೇಳಿ ಅಳು ಬಂತು, ಸುಳ್ಳು ಹೇಳುವುದಿಲ್ಲ. ಅವಳು ಗೋಡೆ ನೋಡಿದಳು. ಗಾರೆ ಮೆತ್ತಿದ ನನ್ನ ತಲೆ ನೋಡಿದಳು. ಟ್ರಂಕ್ ಎತ್ತಿಕೊಂಡು, ಸೊಟ್ಟ ಬಾಗಿಲಿನೊಳಗೆ ಸೊಟ್ಟಗೇ ತೂರಿ ಆ ಕಡೆ ಹೋದಳು. ಟ್ರಂಕ್ ತೆರೆದ ಸದ್ದಾಯಿತು. ಒಂದು ಹಳೆಯ ನೂಲಿನ ಸೀರೆ ಬಿಚ್ಚಿ, ರೀಪರಿನಿಂದ ರೀಪರಿಗೆ ಎಳೆದು, ಚೌಕಟ್ಟಿನುದ್ದಕ್ಕೂ ಸಿಕ್ಕಿಸಿದಳು. ಆಮೇಲೆ ಅವಳು ಕಾಣಲಿಲ್ಲ, ದನಿ ಮಾತ್ರ ಬಂತು.

"ಅಪ್ಪಾ, ನೀನ್ ಭಾನುವಾರವೇ ಬಾ. ಅರ್ಜೆಂಟ್ ಏನಿಲ್ಲ."

ಮಾವ ಚಪ್ಪಲಿ ಹುಡುಕತೊಡಗಿದರು. ಅಮ್ಮ ಕಾಫಿಗೆ ಇಡಲು ಒಳಗೆ ಓಡಿದರು. ನಾನು ಸುತ್ತಿಗೆ ಹಿಡಿದುಕೊಂಡು ಹಾಲ್ ನಡುವೆ ನಿಂತೇ ಇದ್ದೆ. ಅಜ್ಜಿ ಕಷ್ಟಪಟ್ಟು ಮಗ್ಗುಲಾಗಿ, ನಮ್ಮ ಕಡೆಗೆ ಬೆನ್ನು ಹಾಕಿ ಮಲಗಿ, ಸೆರಗನ್ನು ತಲೆ ಮೇಲೆ ಎಳೆದುಕೊಂಡು ಹೇಳಿದರು:

"ಏನ್ಲಾ, ಇನ್ನೂ ಈ ಕಡೆನೇ ನಿಂತಿದ್ದೀಯಲ್ಲ?"