ಸುತ್ತಿಗೆ ಮಲಗಿಸದೆ ಬಿಟ್ಟದ್ದು

ಈ ಸಲದ ಕಬ್ಬಿಣವೂ ಪುಡಿಪುಡಿಯಾಯಿತು. ಬೆಳಗಿನಿಂದ ಮಣ್ಣಿನ ಕುಲುಮೆಯ ಮುಂದೆ ಬೆಂದು, ಇದ್ದಿಲು ಸುರಿದು, ಅದಿರು ಸುರಿದು, ಕೊನೆಗೆ ಅದರ ಬಾಯಿ ಒಡೆದು ಹೊರಗೆಳೆದ ಮುದ್ದೆ ಯಂತ್ರದ ಸುತ್ತಿಗೆಯ ಕೆಳಗೆ ಒಂದೇ ಏಟಿಗೆ ದಿಕ್ಕುದಿಕ್ಕಿಗೆ ಸಿಡಿಯಿತು. ಒಂದು ಚೂರು ಕಮ್ಮಾರನ ಅಂಗಿಯೊಳಗೆ ನುಗ್ಗಿ ಹೊಟ್ಟೆಯ ಮೇಲೆ ಕೂತಿತು. ಅವನು ಕುಣಿದ. ಕುಣಿಯುತ್ತಲೇ ಯಂತ್ರಕ್ಕೆ, ಅದನ್ನು ಮಾಡಿದವನಿಗೆ, ಮಾರಿದವನಿಗೆ, ಅದಿರನ್ನು ಹೊಟ್ಟೆಯಲ್ಲಿಟ್ಟುಕೊಂಡ ಭೂಮಿಗೆ ಸಾಲಾಗಿ ಬೈದ. ಬೈಗುಳ ಮುಗಿದರೂ ಸಿಟ್ಟು ಮುಗಿಯಲಿಲ್ಲ. ನೀರಿನ ಬಕೆಟ್ಟಿಗೆ ಜಾಡಿಸಿ ಒದ್ದ. ಬಕೆಟ್ಟು ಕಬ್ಬಿಣದ್ದು, ಅವನೇ ಮಾಡಿದ್ದು.

“ಅದನ್ನಾದ್ರೂ ಗಟ್ಟಿಯಾಗಿ ಮಾಡಿದೀರಲ್ಲ,” ಎಂದಳು ಹೆಂಡತಿ, ಕುಲುಮೆಗೆ ಗಾಳಿ ಊದುವ ಮೋಟಾರು ಆರಿಸುತ್ತಾ.

ಅವನು ಕಾಲಿನ ಹೆಬ್ಬೆರಳು ಹಿಡಿದುಕೊಂಡು, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಪಕ್ಕ ಕೂತ. ಬೀದಿಯವರು ಅವನನ್ನು ಪಟಾಕಿ ಎನ್ನುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಆದರೆ ಅವನಿಗೆ ಗೊತ್ತಿತ್ತು, ಗೊತ್ತಿದ್ದುದರಿಂದ ಇನ್ನಷ್ಟು ಸಿಟ್ಟು. ಹಾಗೆಂದು ಅವನ ಕೈಕೆಲಸಕ್ಕೆ ಹೆಸರಿಡುವಂತಿರಲಿಲ್ಲ. ಅವನು ಕಬ್ಬಿಣದಲ್ಲಿ ಮಾಡಿದ ಕೊಕ್ಕರೆ ಗ್ರಂಥಾಲಯದ ಅಂಗಳದಲ್ಲಿ ಒಂಟಿಕಾಲಲ್ಲಿ ನಿಂತಿದೆ. ಮಲಗಿದ ನಾಯಿಯೊಂದನ್ನು ಮಾಡಿ ಶಾಲೆಯ ಬಾಗಿಲಲ್ಲಿ ಇಟ್ಟಾಗ ನಿಜವಾದ ನಾಯಿಗಳು ಬಂದು ಮೂಸಿ ನೋಡಿಹೋದವು. ಅಂಥವನಿಗೆ ಎರಡು ಕೈ ಮಾಡಲು ಆಗುತ್ತಿಲ್ಲ ಎಂದರೆ ಯಾರು ನಂಬಬೇಕು?

ಅವು ಅವನ ಅಮ್ಮನ ಕೈಗಳು. ಅಮ್ಮ ಬದುಕಿಡೀ ಈ ಕುಲುಮೆಯ ಪಕ್ಕ ಕೂತು ತಿದಿ ಎಳೆದವಳು. ಅಂಗೈಯ ಗೆರೆಗೆರೆಯಲ್ಲೂ ಇದ್ದಿಲಿನ ಕಪ್ಪು ಕೂತುಬಿಟ್ಟಿತ್ತು, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಅವಳು ಹೋದ ಮೇಲೆ ಅವನಿಗೆ ಮುಖಕ್ಕಿಂತ ಹೆಚ್ಚಾಗಿ ನೆನಪಾಗುತ್ತಿದ್ದದ್ದು ಆ ಕೈಗಳೇ. ಮೊದಲು ಅಂಗಡಿಯ ಕಬ್ಬಿಣದಲ್ಲೇ ಮಾಡಿದ. ಅಳತೆ ಸರಿ, ಬೆರಳು ಸರಿ, ಆದರೆ ಚರ್ಮ ಮಾತ್ರ ನುಣ್ಣಗೆ. ಬಟ್ಟೆ ಅಂಗಡಿಯ ಗೊಂಬೆಯ ಕೈ ಕಿತ್ತು ತಂದಂತಿತ್ತು. ಎತ್ತಿ ಮೂಲೆಗೆಸೆದ.

ಹಿಂದಿನವರು ಮಣ್ಣಿನ ಕುಲುಮೆಯಲ್ಲಿ ಅದಿರಿನಿಂದ ತೆಗೆಯುತ್ತಿದ್ದ ಕಬ್ಬಿಣದ ಗುಣವೇ ಬೇರೆ. ಅದರೊಳಗೆ ಅದಿರಿನ ಕಲ್ಮಶ, ಅಂದರೆ ಕಿಟ್ಟ, ಎಳೆಎಳೆಯಾಗಿ ಉಳಿದಿರುತ್ತದೆ. ಬಡಿದು, ಮಡಚಿ, ಮತ್ತೆ ಬಡಿದು ಆಸಿಡ್ಡಿನಲ್ಲಿ ಅದ್ದಿದರೆ ಮೈಮೇಲೆ ಮರದಲ್ಲಿರುವಂಥ ಗೆರೆಗಳು ಏಳುತ್ತವೆ. ಅಮ್ಮನ ಅಂಗೈಗೆ ಬೇಕಾದದ್ದು ಆ ಗೆರೆ. ಉಳಿ ಹಿಡಿದು ಕೊರೆದರಾಗದೇ ಎಂದು ಗ್ರಂಥಾಲಯದವರೊಬ್ಬರು ಕೇಳಿ ಕೆಟ್ಟರು. “ಕೊರೆದ ಗೆರೆ ಕೊರೆದ ಹಾಗೇ ಕಾಣುತ್ತೆ ಸ್ವಾಮಿ, ಅದು ಬೆವರಿಂದ ಬಂದಿದ್ದು!” ಎಂದು ಅವರ ಮೇಲೆ ಹರಿಹಾಯ್ದ.

ಆದರೆ ಕುಲುಮೆಯಿಂದ ಬರುವ ಮುದ್ದೆ ಇನ್ನೂ ಕಬ್ಬಿಣವಲ್ಲ. ತೂತುತೂತಾದ ಸ್ಪಂಜು, ಮೈತುಂಬ ಕಿಟ್ಟ. ಅದನ್ನು ಮೊದಲು ಮರದ ಕೊಡತಿಯಿಂದ ಮೆಲ್ಲಮೆಲ್ಲಗೆ ತಟ್ಟಿ, ಓಲೈಸಿ, ಕಿಟ್ಟವನ್ನು ಹೊರಗೆ ಹರಿಸಬೇಕು. ಆಮೇಲೆ ದೊಡ್ಡ ಸುತ್ತಿಗೆ. ಇದು ಒಬ್ಬನ ಕೈಯಲ್ಲಾಗುವ ಕೆಲಸವಲ್ಲ. ಒಬ್ಬ ಇಕ್ಕಳದಲ್ಲಿ ಹಿಡಿದು ತಿರುಗಿಸಬೇಕು, ಇನ್ನೊಬ್ಬ ಹೊಡೆಯಬೇಕು. ಯಂತ್ರಕ್ಕೆ ಪೆಡಲು ಇದೆಯಲ್ಲ, ಮೆಲ್ಲಗೆ ತುಳಿದರಾಯಿತು ಎಂಬುದು ಪಟಾಕಿಯ ಲೆಕ್ಕಾಚಾರ. ಮೆಲ್ಲಗೆ ಎಂಬುದು ಯಂತ್ರಕ್ಕೂ ಗೊತ್ತಿರಲಿಲ್ಲ, ಅವನ ಕಾಲಿಗೂ ಗೊತ್ತಿರಲಿಲ್ಲ.

ಮೆಲ್ಲಗೆ ಹೊಡೆಯಲು ಗೊತ್ತಿದ್ದ ಮನುಷ್ಯ ಗೋಡೆಯ ಆಚೆ ಇದ್ದ. ಅವನ ಸ್ವಂತ ಅಣ್ಣ.

ಅಣ್ಣ ದೊಡ್ಡ ದೇಹದ, ಸಣ್ಣ ಮಾತಿನ ಮನುಷ್ಯ. ಹತ್ತು ಮಾತಾಡಿಸಿದರೆ ಒಂದು ‘ಹೂಂ’ ಬೀಳುತ್ತಿತ್ತು. ಅವರಿಬ್ಬರೂ ಮಾತಾಡುತ್ತಿದ್ದುದು ಸುತ್ತಿಗೆಯಲ್ಲಿ. ತಮ್ಮ ತನ್ನ ಸಣ್ಣ ಸುತ್ತಿಗೆಯಿಂದ ಖಾಲಿ ಅಡಿಗಲ್ಲನ್ನು ಎರಡು ಸಲ ಟಣ್ ಟಣ್ ಎನ್ನಿಸಿದರೆ ‘ಬಾ’ ಎಂದರ್ಥ. ಕಾದ ಕಬ್ಬಿಣ ಮುಟ್ಟಿದರೆ ‘ಇಲ್ಲಿ ಹೊಡಿ’. ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಅಡ್ಡ ಮಲಗಿಸಿದರೆ ‘ಸಾಕು’. ಮಲಗಿಸುವ ತನಕ ಅಣ್ಣ ನಿಲ್ಲಿಸುತ್ತಿರಲಿಲ್ಲ. ಹೊಡೆಯುವವನು ತಾನಾಗಿ ನಿಲ್ಲಿಸಬಾರದು, ಅಪ್ಪ ಕಲಿಸಿದ್ದು ಹಾಗೆ.

ಆಮೇಲೆ ಯಂತ್ರ ಬಂತು. ಬಂದ ದಿನ ಅದನ್ನು ನೋಡಲು ಅರ್ಧ ಬೀದಿ ಸೇರಿತ್ತು. ಅಣ್ಣ ತಮ್ಮ ಒಂದು ಸರಳನ್ನು ಬಡಿಯುತ್ತಿದ್ದರು. ಯಂತ್ರ ಸಿದ್ಧ ಎಂದು ಜೋಡಿಸಲು ಬಂದವನು ಕೂಗಿದ್ದೇ ತಡ, ತಮ್ಮ ಕಾದ ಸರಳನ್ನೂ ಸಣ್ಣ ಸುತ್ತಿಗೆಯನ್ನೂ ಹಿಡಿದು ಅತ್ತ ಓಡಿದ. ಧಡಧಡ ನಾಲ್ಕು ಏಟು ಬಿದ್ದವು, ಸರಳು ಹಪ್ಪಳವಾಯಿತು. “ನೋಡು, ಊಟ ಕೇಳಲ್ಲ, ಉಸ್ಸಪ್ಪಾ ಅನ್ನಲ್ಲ!” ಎಂದ ಎಲ್ಲರಿಗೂ ಕೇಳುವಂತೆ. ಜನ ನಕ್ಕರು. ಸ್ವಲ್ಪ ದಿನದಲ್ಲೇ ಅಣ್ಣ ಪಕ್ಕದ ಶೆಡ್ಡಿನಲ್ಲಿ ಗೇಟು ಕಿಟಕಿಗಳ ವೆಲ್ಡಿಂಗ್ ಶುರುಮಾಡಿದ. ಜಗಳವಿಲ್ಲ, ಕೂಗಾಟವಿಲ್ಲ. ಅದುವರೆಗೆ ‘ಹೂಂ’ ಆದರೂ ಇತ್ತು, ಅದೂ ಹೋಯಿತು.

“ಒಂದು ತಮಾಷೆ ಮಾತಿಗೆ ಇಷ್ಟೊಂದಾ?” ಎಂದು ತಮ್ಮ ಹೆಂಡತಿಯ ಹತ್ತಿರ ಎಷ್ಟು ಸಲ ಹಾರಾಡಿದ್ದಾನೋ. ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು.

ಈಗ ಉಳಿದದ್ದು ಒಂದೇ ಚೀಲ ಅದಿರು. ಅದು ಸಿಗುತ್ತಿದ್ದ ಹಳ್ಳದ ದಂಡೆಗೆ ಕಾಂಕ್ರೀಟು ಹಾಕಿಬಿಟ್ಟಿದ್ದರು. ಇದೂ ಹಾಳಾದರೆ ಅಮ್ಮನ ಕೈ ಇಲ್ಲ.

“ಭಾವನ್ನ ಕರೀರಿ,” ಎಂದಳು ಹೆಂಡತಿ.

“ನಾನ್ಯಾಕೆ ಕರೀಲಿ?”

“ಸರಿ, ಹಾಗಾದ್ರೆ ಬಕೆಟ್ಟಿಗೆ ಒದೀತಾ ಕೂತಿರಿ.”

ಮಾರನೆಯ ದಿನ ಹೋದ. ಅಣ್ಣ ಕಿಟಕಿಯ ಚೌಕಟ್ಟಿಗೆ ಬೆಸುಗೆ ಹಾಕುತ್ತಿದ್ದ. ಕಪ್ಪು ಕನ್ನಡಕ ಹಣೆಗೇರಿಸಿ ನೋಡಿದ. ಬಾಗಿಲಲ್ಲಿ ನಿಂತ ತಮ್ಮ ಎರಡು ಸಲ ಕೆಮ್ಮಿದ. ಕೊನೆಗೆ, “ಒಂದು ಇಕ್ಕಳ ಬೇಕಿತ್ತು,” ಎಂದ. ಅಣ್ಣ ಗೋಡೆಯತ್ತ ಬೆರಳು ತೋರಿಸಿ ಕನ್ನಡಕ ಇಳಿಸಿದ.

ತನ್ನ ಗೋಡೆಯ ಮೇಲೆ ಇಕ್ಕಳಗಳ ಸಾಲನ್ನೇ ನೇತುಹಾಕಿಕೊಂಡಿದ್ದವನು ಇನ್ನೊಂದನ್ನು ಹಿಡಿದು ಮರಳಿ ಬಂದ. ಹೆಂಡತಿ ಅದನ್ನೂ ನೋಡಿದಳು, ಗೋಡೆಯನ್ನೂ ನೋಡಿದಳು, ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅವಳು ನಕ್ಕಿದ್ದು ಕೇಳಿಸಿತು. ಆ ದಿನವೆಲ್ಲ ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಕುಕ್ಕಿ ಇಟ್ಟ.

ಕೊನೆಯ ಅದಿರನ್ನು ಸುರಿದ ದಿನ ಅವನು ಯಾರಿಗೂ ಬೈಯಲಿಲ್ಲ. ಅದೇ ಹೆಂಡತಿಗೆ ಹೆದರಿಕೆ ಹುಟ್ಟಿಸಿತು. ಸಂಜೆಯ ಹೊತ್ತಿಗೆ ಕುಲುಮೆಯ ಬಾಯಿ ಒಡೆದು ಮುದ್ದೆಯನ್ನು ಎಳೆದ. ಹಳದಿ ಬಣ್ಣಕ್ಕೆ ಕಾದಿತ್ತು, ಒಳ್ಳೆಯ ಗಾತ್ರ. ಇಕ್ಕಳದಲ್ಲಿ ಹಿಡಿದು ಯಂತ್ರದ ಮುಂದೆ ನಿಂತು ಪೆಡಲಿನ ಮೇಲೆ ಕಾಲಿಟ್ಟ. ಕಾಲು ಇಳಿಯಲಿಲ್ಲ. ಮುದ್ದೆಯ ಹಳದಿ ಕೆಂಪಿಗೆ ತಿರುಗತೊಡಗಿತು. ಅದಕ್ಕೇನು ಇವನ ಜಂಬ ಗೊತ್ತೇ? ಯಾರಿಗಾಗಿಯೂ ಕಾಯುವುದಿಲ್ಲ, ಆರುತ್ತದೆ.

ಹಲ್ಲು ಕಚ್ಚಿ ಅಡಿಗಲ್ಲಿನತ್ತ ತಿರುಗಿದ. ಸಣ್ಣ ಸುತ್ತಿಗೆ ತೆಗೆದು ಹೊಡೆದ. ಟಣ್ ಟಣ್.

ಗೋಡೆಯಾಚೆ ಬೆಸುಗೆಯ ಚರಚರ ನಿಂತಿತು. ಅಷ್ಟೇ. ಯಾರೂ ಬರಲಿಲ್ಲ.

ಇನ್ನೂ ಜೋರಾಗಿ ಹೊಡೆದ. ಟಣ್ ಟಣ್! ಹೆಂಡತಿ ಕರೆಯಲು ಹೊರಟಳು. “ಹೋಗ್ಬೇಡ, ಬರೋದಾದ್ರೆ ಅವನೇ ಬರಲಿ!” ಎಂದು ಗದರಿದ. ಅವನ ಕಣ್ಣಲ್ಲಿ ನೀರಾಡಿತ್ತು. ಹೊಗೆಯಿಂದ ಎಂದು ಹೇಳಿದರೆ ನಂಬಬೇಡಿ.

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಅಣ್ಣ ಬಂದಿದ್ದ. ಯಾರ ಮುಖವನ್ನೂ ನೋಡದೆ ನೇರ ಮೂಲೆಗೆ ಹೋಗಿ, ಗೋಣಿಚೀಲಗಳ ಅಡಿಯಿಂದ ಮರದ ಕೊಡತಿ ಎಳೆದ. ಇಷ್ಟು ವರ್ಷದ ಮೇಲೂ ಅದು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ತಮ್ಮ ಮುದ್ದೆಯ ಒಂದು ಬದಿ ಮುಟ್ಟಿದ. ಅಣ್ಣನ ಮೊದಲ ಏಟು ನೆಂಟರ ಮನೆಯ ಬಾಗಿಲು ತಟ್ಟುವಷ್ಟೇ ಮೆಲ್ಲಗಿತ್ತು. ಕಿಟ್ಟ ಬೆವರಿನಂತೆ ಒಸರಿತು. ಮುಟ್ಟಿದ, ತಟ್ಟಿದ. ತಿರುಗಿಸಿದ, ತಟ್ಟಿದ. ಮತ್ತೆ ಕಾಯಿಸಿದರು, ಮತ್ತೆ ಬಡಿದರು, ಕೊಡತಿ ಹೋಗಿ ದೊಡ್ಡ ಸುತ್ತಿಗೆ ಬಂತು. ಮುದ್ದೆ ಒಡೆಯಲಿಲ್ಲ. ಚಪ್ಪಟೆಯಾಯಿತು, ಮಡಚಿಕೊಂಡಿತು, ಒಂದಾಯಿತು.

ತಮ್ಮ ಅದನ್ನು ಇಕ್ಕಳದಲ್ಲಿ ಎತ್ತಿ ಹಿಂದೆ ಮುಂದೆ ನೋಡುತ್ತಾ ಮೈಮರೆತ. ನೋಡುತ್ತಲೇ ಇದ್ದ.

“ರೀ,” ಎಂದಳು ಹೆಂಡತಿ, “ಭಾವ ಇನ್ನೂ ಹೊಡೀತಾನೇ ಇದಾರೆ.”

ಅಣ್ಣ ಖಾಲಿ ಅಡಿಗಲ್ಲಿನ ಅಂಚಿಗೆ ಹಗುರವಾಗಿ ಏಟು ಹಾಕುತ್ತಾ ನಿಂತಿದ್ದ. ಉಸಿರು ಮೇಲೆ ಕೆಳಗಾಗುತ್ತಿತ್ತು, ಬಲಭುಜ ಜೋತಿತ್ತು. ತಮ್ಮ ಗಾಬರಿಯಿಂದ ಸುತ್ತಿಗೆಯನ್ನು ಅಡ್ಡ ಮಲಗಿಸಿದ. ಅಣ್ಣ ನಿಲ್ಲಿಸಿದ.

“ನಿಲ್ಸೋಕೇನು? ನಿನಗೇ ಕಾಣಲ್ವಾ?” ಎಂದು ತಮ್ಮ ಸಿಡುಕಿದ.

“ಯಂತ್ರ ಬಂದಾವತ್ತೂ ಸುತ್ತಿಗೆ ಎತ್ತಿ ನಿಂತಿದ್ದೆ,” ಎಂದ ಅಣ್ಣ. “ನೀನು ಮಲಗಿಸದೇ ಓಡಿದೆ. ಯಂತ್ರದ ಮೇಲೆ ನನಗೇನೂ ಬೇಜಾರಿಲ್ಲ ಕಣೋ. ಜನರ ಮುಂದೆ ಆ ಸುತ್ತಿಗೇನ ಎಲ್ಲಿ ಇಳಿಸ್ಲಿ ಅಂತ ಗೊತ್ತಾಗ್ಲಿಲ್ಲ.”

ಅಣ್ಣ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ತಮ್ಮನಿಗೆ ತನ್ನ ಮೇಲೆಯೇ ರೇಗಿತು. ಇಕ್ಕಳದಲ್ಲಿದ್ದ ಕಬ್ಬಿಣವನ್ನು ಎತ್ತಿ ತೋರಿಸಿದ.

“ಇದು ಅಮ್ಮನ ಒಂದೇ ಕೈಗೆ ಸಾಲೋದು. ಇನ್ನೊಂದನ್ನ ನನ್ನ ಕೊಬ್ಬು ತಿಂದ್ಹಾಕ್ತು.”

“ಯಾವ ಕೈ ಮಾಡ್ತೀಯ?”

“ಬಲಗೈ. ತಿದಿ ಎಳೀತಿದ್ದ ಕೈ.”

ಅಣ್ಣ ತಲೆಯಾಡಿಸಿದ. “ಎಡಗೈ ಮಾಡು.”

“ಅದ್ರಲ್ಲಿ ಅಮ್ಮ ಏನು ಮಾಡ್ತಿದ್ಲು?”

“ಬಲಗೈಲಿ ತಿದಿ ಎಳೀತಾನೇ, ಎಡಗೈಲಿ ನಮ್ಮಿಬ್ಬರ ಜಗಳ ಬಿಡಿಸ್ತಿದ್ಲು.”

ತಮ್ಮ ಸುತ್ತಲೂ ನೋಡಿದ. ಯಂತ್ರವಿತ್ತು, ಒದೆ ತಿಂದ ಬಕೆಟ್ಟಿತ್ತು, ಎರವಲು ತಂದ ಇಕ್ಕಳವಿತ್ತು. ಎದೆಯ ಮೇಲೆ ಕರಿ ಅಂಗೈ ಇಟ್ಟು ಆ ಕಡೆಗೊಬ್ಬನನ್ನು, ಈ ಕಡೆಗೊಬ್ಬನನ್ನು ತಳ್ಳುತ್ತಿದ್ದ ಕೈ ಅವನಿಗೆ ಈಗ ನೆನಪಾಯಿತು. ಅಂಗಿಯ ಮೇಲೆ ಅದರ ಮಸಿ ಗುರುತು ಉಳಿಯುತ್ತಿದ್ದದ್ದೂ ನೆನಪಾಯಿತು. ಬೈಯೋಣವೆಂದರೆ ಯಾರೂ ಸಿಗಲಿಲ್ಲ. ಅಡಿಗಲ್ಲಿಗೆ ಒರಗಿ ಕೂತು ಅತ್ತುಬಿಟ್ಟ.

ಅಣ್ಣ ದೊಡ್ಡ ಸುತ್ತಿಗೆಯನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲೇ ಕೂತು, “ಹೂಂ,” ಎಂದ.